ಘಾಟ್ ಇಳಿಯುವ ಟ್ರೇಲರ್‌ಗೆ ಯಾವ ಬ್ರೇಕ್ ಕಂಟ್ರೋಲರ್?

ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ದಾಟಿ ಗೋವಾಕ್ಕೆ ಹೋಗಬೇಕೆಂದರೆ ಚೋರ್ಲಾ ಘಾಟ್ ಇಳಿಯಲೇಬೇಕು. ಪಿಕಪ್ ಹಿಂದೆ ಭಾರದ ಟ್ರೇಲರ್ ಇದ್ದರೆ ಅದಕ್ಕೂ ಸ್ವಂತ ಬ್ರೇಕ್ ಇರಲಿ. ಕಬ್ಬಿನ ಟ್ರೇಲರ್ ತೋರಿಸಿ ‘ಬ್ರೇಕ್ ಇಲ್ದ ನಡೀತೈತಲ್ರೀ’ ಅನ್ನುವವರಿದ್ದಾರೆ. ಬಯಲಲ್ಲಿ ನಿಧಾನಕ್ಕೆ ಹೋದರೆ ನಡೆಯಬಹುದು. ಇಳಿಜಾರಿನಲ್ಲಿ ಹಿಂದಿನ ಭಾರ ಗಾಡಿಯನ್ನೇ ದೂಡುತ್ತದೆ.

ಎಲೆಕ್ಟ್ರಿಕ್ ಬ್ರೇಕ್ ಇರುವ ಟ್ರೇಲರ್‌ನ ಡ್ರಮ್ ಒಳಗೆ ಒಂದು ಮ್ಯಾಗ್ನೆಟ್ ಇರುತ್ತದೆ. ಕರೆಂಟ್ ಬಂದ ಕೂಡಲೇ ಅದು ತಿರುಗುವ ಡ್ರಮ್‌ಗೆ ಅಂಟಿ, ಅದರ ಜೊತೆ ಸ್ವಲ್ಪ ಸರಿಯುತ್ತದೆ. ಆಗ ಅದಕ್ಕೆ ಜೋಡಿಸಿದ ಲಿವರ್ ಬ್ರೇಕ್ ಶೂಗಳನ್ನು ಹೊರಕ್ಕೆ ಒತ್ತುತ್ತದೆ. ಎಷ್ಟು ಕರೆಂಟ್ ಬಿಡಬೇಕು ಅನ್ನುವುದು ಡ್ಯಾಶ್‌ಬೋರ್ಡ್ ಕೆಳಗೆ ಕೂರುವ ಕಂಟ್ರೋಲರ್ ಕೆಲಸ.

ಟೈಮ್ ಡಿಲೇ ಮಾದರಿಯಲ್ಲಿ, ಪೆಡಲ್ ಒತ್ತಿದರೆ ನೀವು ಸೆಟ್ ಮಾಡಿಟ್ಟ ಮಟ್ಟಕ್ಕೆ ಕರೆಂಟ್ ಮೆಲ್ಲಗೆ ಏರುತ್ತದೆ. ನೀವು ನಯವಾಗಿ ಒತ್ತಿದಿರೋ, ಎಮ್ಮೆ ಅಡ್ಡ ಬಂತೆಂದು ತುಳಿದಿರೋ, ಅದಕ್ಕೆ ಎರಡೂ ಒಂದೇ. ಬೆಲೆ ಕಡಿಮೆ, ಹೇಗೆ ಕೂರಿಸಿದರೂ ಕೆಲಸ ಮಾಡುತ್ತದೆ. ಪ್ರಪೋರ್ಷನಲ್ ಮಾದರಿ ಹಾಗಲ್ಲ. ಗಾಡಿಯ ವೇಗ ಎಷ್ಟು ಬೇಗ ಇಳಿಯುತ್ತಿದೆ ಅಂತ ಅದರ ಸೆನ್ಸರ್ ಅಳೆದು, ಟ್ರೇಲರ್‌ಗೂ ಅಷ್ಟೇ ಬ್ರೇಕ್ ಕೊಡುತ್ತದೆ. ಇದರಲ್ಲೂ ಲೋಲಕ ಇರುವ ಹಳೆಯವನ್ನು ಮಟ್ಟಸವಾಗಿ ಕೂರಿಸಬೇಕು. ಇಳಿಜಾರಿನಲ್ಲಿ ಲೋಲಕ ಮುಂದಕ್ಕೆ ವಾಲುವುದರಿಂದ, ಪೆಡಲ್ ಸುಮ್ನೆ ಮುಟ್ಟಿದರೂ ಜಾಸ್ತಿ ಬ್ರೇಕ್ ಬೀಳುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನೊಂದು ಕೇಳಿಕೊಳ್ಳಿ.

ವಿಜಯಪುರ–ಸೊಲ್ಲಾಪುರದಂಥ ಸಪಾಟು ರಸ್ತೆಗೆ, ಹಗುರ ಟ್ರೇಲರ್‌ಗೆ ಟೈಮ್ ಡಿಲೇ ಸಾಕು. ಘಾಟ್ ಇದ್ದರೆ ಹೊಸ ಪ್ರಪೋರ್ಷನಲ್ಲೇ ತಗೊಳ್ಳಿ. ಇಲ್ಲಿ ಚೌಕಾಶಿ ಬೇಡ.

ಇನ್ನು ಸೆಟ್ಟಿಂಗ್. ಟ್ರೇಲರ್‌ಗೆ ಪೂರ್ತಿ ಲೋಡ್ ಹಾಕಿ, ಜನ ಓಡಾಡದ ಒಣ, ಮಟ್ಟಸ ಜಾಗಕ್ಕೆ ಹೋಗಿ. ನಾಲ್ಕಾರು ಸಲ ಬ್ರೇಕ್ ಹಿಡಿದು ಡ್ರಮ್ ಸ್ವಲ್ಪ ಬಿಸಿ ಮಾಡಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ, ಪೆಡಲ್ ಮುಟ್ಟದೆ, ಕಂಟ್ರೋಲರ್ ಮೇಲಿನ ಕೈ ಲಿವರ್ ಪೂರ್ತಿ ಸರಿಸಿ. ಟ್ರೇಲರ್ ಚಕ್ರ ಲಾಕ್ ಆಗಿ ಉಜ್ಜಿದರೆ ಗೇನ್ (ಬ್ರೇಕ್‌ಗೆ ಬಿಡುವ ಕರೆಂಟ್‌ನ ಮಟ್ಟ) ಇಳಿಸಿ, ಹಿಡಿತವೇ ಇಲ್ಲವೆಂದರೆ ಏರಿಸಿ. ಲಾಕ್ ಆಗುವುದಕ್ಕೆ ಒಂದು ಚೂರು ಮೊದಲು ನಿಲ್ಲಿಸಿ. ಲೋಡ್ ಇಳಿಸಿದ ಮೇಲೆ ಅದೇ ಗೇನ್ ಇಟ್ಟರೆ ಖಾಲಿ ಟ್ರೇಲರ್ ಜಾರುತ್ತದೆ, ಮತ್ತೆ ಸೆಟ್ ಮಾಡಲೇಬೇಕು.

ದಾರಿಯಲ್ಲಿ ಟ್ರೇಲರ್ ಅತ್ತಿತ್ತ ಓಲಾಡಿದರೆ ಪೆಡಲ್ ತುಳಿಯಬೇಡಿ. ಕೈ ಲಿವರ್ ಮೆಲ್ಲಗೆ ಸರಿಸಿದರೆ ಟ್ರೇಲರ್ ಚಕ್ರಗಳಷ್ಟೇ ಹಿಡಿದು ಅದನ್ನು ನೇರ ಮಾಡುತ್ತವೆ. ಘಾಟ್ ಮಾತ್ರ ಕಡಿಮೆ ಗೇರ್‌ನಲ್ಲೇ ಇಳಿಯಿರಿ. ಬ್ರೇಕ್ ಹಿಡಿದೇ ಇಟ್ಟರೆ ಡ್ರಮ್ ಕಾದು ಹಿಡಿತ ಹೋಗುತ್ತದೆ.

ಕೊಂಡಿ ಕಳಚಿದರೆ ತಾನಾಗಿ ಬ್ರೇಕ್ ಹಾಕುವ ಬ್ರೇಕ್‌ಅವೇ ಸ್ವಿಚ್ ಟ್ರೇಲರ್‌ನಲ್ಲಿ ಇರುತ್ತದೆ, ಅದಕ್ಕೆ ಬೇರೆಯೇ ಪುಟ್ಟ ಬ್ಯಾಟರಿ. ಸ್ವಿಚ್‌ನ ಪಿನ್‌ಗಿರುವ ತಂತಿಯನ್ನು ಕೊಂಡಿಗೆ ಕಟ್ಟದೆ ಗಾಡಿಯ ಚಾಸಿಗೆ ಕಟ್ಟಿ. ಹೊರಡುವ ಮೊದಲು ಟ್ರೇಲರ್ ಪ್ಲಗ್ ತೆಗೆದು, ಸ್ವಿಚ್‌ನ ಪಿನ್ ಎಳೆದು, ಗಾಡಿ ಸ್ವಲ್ಪ ಮುಂದೆ ಬಿಡಿ. ಟ್ರೇಲರ್ ಚಕ್ರ ತಿರುಗಬಾರದು. ನೋಡಿದ ಕೂಡಲೇ ಪಿನ್ ವಾಪಸ್ ಹಾಕಿ, ಇಲ್ಲದಿದ್ದರೆ ಬ್ಯಾಟರಿ ಇಳಿದುಹೋಗುತ್ತದೆ.