ಹೈಡ್ರೋಜನ್ ತುಂಬಿಡುವ ನ್ಯಾನೋ ಪುಡಿ: ಅರೆಯುವ ಮೊದಲು ಹಿಡಿತದ ಲೆಕ್ಕ ಹಾಕಿ

ಹೈಡ್ರೋಜನ್ ಸಂಗ್ರಹದ ಮೇಲೆ ಪ್ರಾಜೆಕ್ಟ್ ಶುರು ಮಾಡುವವರು ಮೊದಲು ಯಾವುದೋ ಒಂದು ನ್ಯಾನೋ ಪುಡಿ ಮಾಡಿ, ಆಮೇಲೆ ಅದು ಎಷ್ಟು ಹೈಡ್ರೋಜನ್ ಹಿಡಿಯುತ್ತದೆ ಅಂತ ನೋಡಲು ಕೂರುತ್ತಾರೆ. ಹಾಗೆ ಮಾಡಬೇಡಿ. ಹಿಡಿತ ಎಷ್ಟು ಗಟ್ಟಿ ಇರಬೇಕು ಎನ್ನುವುದು ಮೊದಲು, ಪುಡಿ ಆಮೇಲೆ.

ಒಂದು ಕೆಜಿ ಹೈಡ್ರೋಜನ್‌ನಲ್ಲಿ ಸುಮಾರು 33 ಯೂನಿಟ್ ಶಕ್ತಿ ಇದೆ. ಆದರೆ ಮಾಮೂಲಿ ಒತ್ತಡದಲ್ಲಿ ಅದಕ್ಕೆ ಸುಮಾರು 12 ಸಾವಿರ ಲೀಟರ್ ಜಾಗ ಬೇಕು. ಅದಕ್ಕೇ ಕಾರುಗಳಲ್ಲಿ 700 ಬಾರ್ ಒತ್ತಡದಲ್ಲಿ ತುಂಬುತ್ತಾರೆ. ದ್ರವ ಮಾಡಬೇಕಾದರೆ ಮೈನಸ್ 253 ಡಿಗ್ರಿಗೆ ಇಳಿಸಬೇಕು. ಈ ಎರಡೂ ಕಷ್ಟ ಇಲ್ಲದೆ, ಹಿಡಿದುಕೊಂಡು ಬೇಕಾದಾಗ ಬಿಟ್ಟುಕೊಡುವ ಘನ ವಸ್ತು ನಮಗೆ ಬೇಕು, ಅಲ್ವಾ?

ಲೋಹದ ಹೈಡ್ರೈಡ್, ಅಂದರೆ ಹೈಡ್ರೋಜನ್ ಜೊತೆ ಸೇರಿಕೊಂಡ ಲೋಹ, ಆದರೆ ಲೆಕ್ಕ ಸುಲಭ. ಒಂದು ಮೋಲ್, ಅಂದರೆ ಸುಮಾರು 2 ಗ್ರಾಂ, ಹೈಡ್ರೋಜನ್ ಬಿಡಿಸಲು ಬೇಕಾದ ಶಾಖವೇ ಹಿಡಿತದ ಅಳತೆ. ಅದನ್ನು ಜೂಲ್‌ನಲ್ಲಿ ಬರೆದು 130ರಿಂದ ಭಾಗಿಸಿ. 1 ಬಾರ್ ಒತ್ತಡದಲ್ಲಿ ಹೈಡ್ರೋಜನ್ ಹೊರಬರುವ ಉಷ್ಣತೆ ಹೆಚ್ಚುಕಡಿಮೆ ಕೆಲ್ವಿನ್‌ನಲ್ಲಿ ಸಿಗುತ್ತದೆ. ಮೆಗ್ನೀಸಿಯಂ ಹೈಡ್ರೈಡ್‌ಗೆ ಸುಮಾರು 75 ಕಿಲೋಜೂಲ್ ಬೇಕು, ಅಂದರೆ 577 ಕೆಲ್ವಿನ್, ಸುಮಾರು 300 ಡಿಗ್ರಿ ಸೆಲ್ಸಿಯಸ್. ಕೋಣೆಯ ಉಷ್ಣತೆಗೆ ಬೇಕಾಗುವುದು 40 ಕಿಲೋಜೂಲ್ ಆಸುಪಾಸು. ಲ್ಯಾಂಥನಮ್ ನಿಕ್ಕಲ್ ಮಿಶ್ರಲೋಹದಲ್ಲಿ ಅದು ಸುಮಾರು 30, ಹಾಗಾಗಿ ಆರಾಮವಾಗಿ ಬಿಟ್ಟುಕೊಡುತ್ತದೆ, ಆದರೆ ತೂಕದ ಲೆಕ್ಕದಲ್ಲಿ ಹಿಡಿಯುವುದು 1.4% ಮಾತ್ರ. ಮೆಗ್ನೀಸಿಯಂ ಹೈಡ್ರೈಡ್‌ನಲ್ಲಿ 7.6% ಇದೆ. ಅದಕ್ಕೇ ಎಲ್ಲರ ಕಣ್ಣೂ ಅದರ ಮೇಲೆ.

ಇಲ್ಲೇ ತುಂಬ ಜನ ಎಡವುತ್ತಾರೆ. ಮೆಗ್ನೀಸಿಯಂ ಅನ್ನು ಬಾಲ್ ಮಿಲ್‌ನಲ್ಲಿ (ಗಟ್ಟಿ ಗುಂಡುಗಳಿಂದ ಕುಟ್ಟಿ ಪುಡಿ ಮಾಡುವ ಯಂತ್ರ) ಅರೆದು, ಸ್ವಲ್ಪ ನಯೋಬಿಯಂ ಆಕ್ಸೈಡ್ ಬೆರೆಸಿದರೆ ಹೈಡ್ರೋಜನ್ ಓಡಾಡುವ ದಾರಿ ಚಿಕ್ಕದಾಗುತ್ತದೆ, ಗಂಟೆಗಟ್ಟಲೆ ಆಗುತ್ತಿದ್ದ ಕೆಲಸ ನಿಮಿಷಗಳಿಗೆ ಇಳಿಯುತ್ತದೆ, ಇದು ನಿಜವಾದ ಲಾಭ. ಆದರೆ ಮೇಲಿನ 75 ಕಿಲೋಜೂಲ್ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ವೇಗ ಬೇರೆ, ಹಿಡಿತ ಬೇರೆ. ಬರೀ ಗಾತ್ರ ಇಳಿಸಿ ಹಿಡಿತ ಸಡಿಲಿಸಬೇಕಾದರೆ ಕಣಗಳು ಒಂದೆರಡು ನ್ಯಾನೋಮೀಟರ್‌ಗೆ ಇಳಿಯಬೇಕು. ಅಷ್ಟು ಚಿಕ್ಕ ಕಣಗಳನ್ನು ಸುಮ್ನೆ ಬಿಟ್ಟರೆ ಬಿಸಿಗೆ ಒಂದಕ್ಕೊಂದು ಅಂಟಿ ದಪ್ಪಗಾಗುತ್ತವೆ, ಆದ್ದರಿಂದ ರಂಧ್ರಗಳಿರುವ ಇಂಗಾಲದೊಳಗೆ ಕೂರಿಸಬೇಕು. ಆಗ ಇಂಗಾಲದ ತೂಕವನ್ನೂ ಲೆಕ್ಕಕ್ಕೆ ಹಿಡಿಯಿರಿ. ಹೈಡ್ರೈಡ್ 20% ಮಾತ್ರ ಇದ್ದರೆ ನಿಮ್ಮ 7.6 ಇಳಿದು 1.5 ಆಗುತ್ತದೆ.

ರಂಧ್ರಗಳ ಮೇಲ್ಮೈಗೇ ಹೈಡ್ರೋಜನ್ ಅಂಟಿಸುವ ದಾರಿಯಲ್ಲಿ ಕಷ್ಟ ಉಲ್ಟಾ. ಅಲ್ಲಿ ಹಿಡಿತ 4ರಿಂದ 10 ಕಿಲೋಜೂಲ್ ಅಷ್ಟೇ, ಹಾಗಾಗಿ ದ್ರವ ಸಾರಜನಕದ ಚಳಿ, ಅಂದರೆ ಮೈನಸ್ 196 ಡಿಗ್ರಿ ಬೇಕು. ಆ ಚಳಿಯಲ್ಲೂ ಗ್ರಾಮಿಗೆ 500 ಚದರ ಮೀಟರ್ ಮೇಲ್ಮೈ ಇದ್ದರೆ ಸುಮಾರು 1% ಹಿಡಿಯುತ್ತದೆ. ರಂಧ್ರ ದೊಡ್ಡದಿದ್ದಷ್ಟೂ ಒಳ್ಳೆಯದು ಅನ್ನುವುದು ತಪ್ಪು. 0.7 ನ್ಯಾನೋಮೀಟರ್ ಆಸುಪಾಸಿನ ರಂಧ್ರದಲ್ಲಿ ಎರಡೂ ಕಡೆಯ ಗೋಡೆಗಳು ಅಣುವನ್ನು ಎಳೆಯುತ್ತವೆ, ಅದನ್ನೇ ಗುರಿ ಇಡಿ.

ಅರೆಯುವಾಗ ಹುಷಾರು. ಸಣ್ಣ ಮೆಗ್ನೀಸಿಯಂ ಪುಡಿ ಗಾಳಿ ತಾಕಿದರೆ ಹೊತ್ತಿಕೊಳ್ಳಬಹುದು. ಡಬ್ಬಿ ತುಂಬುವುದು, ತೆರೆಯುವುದು ಎಲ್ಲವೂ ಆರ್ಗಾನ್ ತುಂಬಿದ ಗ್ಲೋವ್ ಬಾಕ್ಸ್ (ಕೈಗವಸು ಜೋಡಿಸಿದ ಮುಚ್ಚಿದ ಪೆಟ್ಟಿಗೆ) ಒಳಗೇ ಆಗಲಿ, ಅನುಭವ ಇರುವವರು ಪಕ್ಕದಲ್ಲಿರಲಿ. ನೀರು ಎರಚಿ ಈ ಬೆಂಕಿ ಆರಿಸಲು ಹೋಗಲೇಬೇಡಿ.

ಇನ್ನು ಅಳತೆ. 1990ರ ದಶಕದ ಕೊನೆಯಲ್ಲಿ ಇಂಗಾಲದ ನ್ಯಾನೋ ಟ್ಯೂಬ್‌ಗಳು ಭಾರಿ ಹೈಡ್ರೋಜನ್ ಹಿಡಿಯುತ್ತವೆ ಅನ್ನುವ ವರದಿಗಳು ಬಂದವು, ಬೇರೆಯವರು ಮಾಡಿ ನೋಡಿದಾಗ ಆ ಅಂಕಿಗಳು ಸಿಗಲಿಲ್ಲ. ನೂರು ಮಿಲಿಗ್ರಾಂ ಪುಡಿ 1% ಹಿಡಿದರೆ ಹೈಡ್ರೋಜನ್ ಬರೀ ಒಂದು ಮಿಲಿಗ್ರಾಂ. ಸಣ್ಣ ಸೋರಿಕೆ, ಚೂರು ತೇವ, ಇವೇ ಅದನ್ನು ಮೀರಿಸಿಬಿಡಬಹುದು. ಸಾಧ್ಯವಾದರೆ ಒಂದು ಗ್ರಾಂ ಆದರೂ ಹಾಕಿ. ಅಷ್ಟೇ ಜಾಗ ತುಂಬುವ, ಹೈಡ್ರೋಜನ್ ಹಿಡಿಯದ ಒಣ ಅಲ್ಯುಮಿನಾ ಪುಡಿ ಹಾಕಿ ಇಡೀ ಪ್ರಯೋಗವನ್ನು ಒಮ್ಮೆ ಓಡಿಸಿ, ಅದೂ ಹೈಡ್ರೋಜನ್ ಹಿಡಿದಂತೆ ಕಂಡರೆ ತಪ್ಪು ಉಪಕರಣದಲ್ಲಿದೆ. ಒಮ್ಮೆ ತುಂಬಿ ಬಿಡಿಸಿದರೆ ಒಂದು ಸುತ್ತು; ಮೊದಲ ಸುತ್ತಿನ ಅಂಕಿಯ ಜೊತೆ ಐವತ್ತನೇ ಸುತ್ತಿನದನ್ನೂ ಬರೆದಿಡಿ.

ಕೊನೆಗೆ ಶಾಖ. ಬಿಡಿಸಲು ಎಷ್ಟು ಶಾಖ ಬೇಕೋ, ತುಂಬುವಾಗ ಅಷ್ಟೇ ಹೊರಬರುತ್ತದೆ. ಒಂದು ಕಾರಿಗೆ 5 ಕೆಜಿ ಹೈಡ್ರೋಜನ್ ಅಂದರೆ 2,500 ಮೋಲ್. ಅದನ್ನು ಐದು ನಿಮಿಷದಲ್ಲಿ ಮೆಗ್ನೀಸಿಯಂಗೆ ತುಂಬಿದರೆ ಸುಮಾರು 600 ಕಿಲೋವ್ಯಾಟ್ ಶಾಖ ಹೊರಬರುತ್ತದೆ, ಪುಡಿಯೋ ಶಾಖ ಸಾಗಿಸುವುದರಲ್ಲಿ ತುಂಬ ನಿಧಾನ. ಅದಕ್ಕೆ ಗ್ರಾಫೈಟ್ ಬೆರೆಸಿ ಬಿಲ್ಲೆ ಒತ್ತುವುದನ್ನು ಮೊದಲ ದಿನದ ಯೋಜನೆಯಲ್ಲೇ ಸೇರಿಸಿಕೊಳ್ಳಿ.