ಬಾಕ್ಸಿಂಗ್ ರಾತ್ರಿಗೆ ಜನ ಬರಬೇಕು, ಬಂದವರು ಕೂರಬೇಕು

ನಾನು ಮೈಕ್ ಹಿಡಿಯುವವನು. ಹಾಕಿ ಹಬ್ಬ, ಶಾಲೆಯ ಕ್ರೀಡಾಕೂಟ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ, ಹೀಗೆ ಕೊಡಗಿನ ಗೋಣಿಕೊಪ್ಪ, ಪೊನ್ನಂಪೇಟೆ ಕಡೆ ಎಲ್ಲಿ ಮೈಕ್‌ಸೆಟ್ ಕಟ್ಟಿದರೂ ನನಗೊಂದು ಫೋನ್ ಬರುತ್ತದೆ. ಆ ಧೈರ್ಯದಲ್ಲೇ ಒಂದು ಸಲ ವೃತ್ತಿಪರ ಬಾಕ್ಸಿಂಗ್ ಕಾರ್ಯಕ್ರಮ ನಡೆಸುವವರ ಜೊತೆ ಸೇರಿಕೊಂಡೆ. ಕಲ್ಯಾಣ ಮಂಟಪದಲ್ಲಿ 11 ಪಂದ್ಯ. ಆರು ಗಂಟೆಗೆ ಅಂದದ್ದು ಶುರುವಾಗಿದ್ದು ಏಳೂ ಇಪ್ಪತ್ತಕ್ಕೆ. ಮುಖ್ಯ ಪಂದ್ಯಕ್ಕೆ ನಾನು ಹೆಸರು ಕೂಗುವಾಗ ರಾತ್ರಿ ಹನ್ನೊಂದೂ ಮುಕ್ಕಾಲು. ಹಿಂದಿನ ಸಾಲಿನಲ್ಲಿ ಹುಡುಗರು ಆಗಲೇ ಕುರ್ಚಿ ಮಡಚಿ ಪೇರಿಸುತ್ತಿದ್ದರು. ಆ ಟಪ್ ಟಪ್ ಸದ್ದು ಇನ್ನೂ ಕಿವಿಯಲ್ಲಿದೆ.

ಮುಂದಿನ ವರ್ಷ ಅದೇ ಮಂಟಪ, ಕೊನೆಯ ಗಂಟೆವರೆಗೂ ಜನ. ನೀವೂ ಇಂಥದ್ದು ಮಾಡುವವರಾದರೆ, ನಡುವೆ ನಾವು ಏನೇನು ಬದಲಿಸಿದೆವು ಅಂತ ಹೇಳುತ್ತೇನೆ.

ಮೊದಲು ಪೋಸ್ಟರ್. ನಮ್ಮ ಮೊದಲ ಪೋಸ್ಟರಿನಲ್ಲಿ ಬೆಂಕಿ, ಮಿಂಚು, 'ಮೆಗಾ ಫೈಟ್' ಎಲ್ಲ ಇತ್ತು. ಹೊಡೆದಾಡುವವರು ಯಾರು ಅನ್ನೋದು ಮಾತ್ರ ಮೂಲೆಯಲ್ಲಿ ಸಣ್ಣಕ್ಷರದಲ್ಲಿ. ಕೊಡಗಿನಲ್ಲಿ ಯಾರನ್ನಾದರೂ ನೋಡಿದರೆ ಮೊದಲ ಪ್ರಶ್ನೆ 'ಯಾವ ಮನೆಯವನು?' ಅಲ್ವಾ? 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಹಾಕಿ ಹಬ್ಬ ಶುರು ಮಾಡಿದಾಗ ಬಂದದ್ದು 60 ಕುಟುಂಬಗಳ ತಂಡ. 2024ರಲ್ಲಿ ನಾಪೋಕ್ಲಿನಲ್ಲಿ 360. ಅಲ್ಲಿ ಸ್ಟಾರ್ ಆಟಗಾರ ಬೇಕಾಗಿಲ್ಲ, ಮನೆಹೆಸರೇ ಪ್ರಚಾರ. ಎರಡನೇ ಸಲ ನಾವು ಎರಡು ಮುಖ, ಎರಡು ಊರು ಹಾಕಿದೆವು: ಪಾಲಿಬೆಟ್ಟದ ಹುಡುಗ, ಸೋಮವಾರಪೇಟೆಯ ಹುಡುಗ. ದಕ್ಷಿಣ ಕೊಡಗು, ಉತ್ತರ ಕೊಡಗು ಅಂತ ಉಳಿದದ್ದನ್ನು ಜನರೇ ಸೇರಿಸಿಕೊಂಡರು.

ಪೋಸ್ಟರಿನ ಮೇಲೆ ಬೆಲ್ಟುಗಳ, ಅಂದರೆ ಚಾಂಪಿಯನ್ ಪಟ್ಟಗಳ, ಹೆಸರು ತುಂಬಬೇಡಿ. ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ ಅಂತ ಬೆಲ್ಟ್ ಕೊಡುವ ದೊಡ್ಡ ಸಂಸ್ಥೆಗಳೇ ನಾಲ್ಕು. ಒಂದೇ ತೂಕಕ್ಕೆ ನಾಲ್ಕು ಚಾಂಪಿಯನ್ನರು ಇರಬಹುದು. ಹೊಸಬರಿಗೆ ಇದು ತಲೆಬುಡ ಅರ್ಥವಾಗುವುದಿಲ್ಲ. 2016ರಲ್ಲಿ ದೆಹಲಿಯ ತ್ಯಾಗರಾಜ ಸ್ಟೇಡಿಯಮ್ಮಿನಲ್ಲಿ ವಿಜೇಂದರ್ ಸಿಂಗ್ ಡಬ್ಲ್ಯುಬಿಒ ಏಷ್ಯಾ ಪೆಸಿಫಿಕ್ ಬೆಲ್ಟ್ ಗೆದ್ದರು. ಜನ ಆ ಬೆಲ್ಟ್ ನೋಡಲು ಹೋದರು ಅಂತ ನಾನಂತೂ ನಂಬುವುದಿಲ್ಲ. 2008ರ ಬೀಜಿಂಗ್ ಕಂಚಿನ ಹುಡುಗನನ್ನು ನೋಡಲು ಹೋದರು.

ಸುಳ್ಳು ಜಗಳ ಹಚ್ಚುವುದೂ ಬೇಡ. ಗಾರ್ಜಸ್ ಜಾರ್ಜ್ ಎಂಬ ಕುಸ್ತಿಪಟುವಿನ ಜಂಭದ ಮಾತು ಟಿಕೆಟ್ ಮಾರುವುದನ್ನು ಮಹಮ್ಮದ್ ಅಲಿ 1961ರಲ್ಲಿ ಕಂಡರು, ಕಲಿತರು. ಆದರೆ 1975ರ ಮನಿಲಾ ಪಂದ್ಯಕ್ಕೆ ಮುಂಚೆ ಅಲಿ ತಮ್ಮ ಎದುರಾಳಿ ಜೋ ಫ್ರೇಜಿಯರ್ ಅವರನ್ನು ಗೊರಿಲ್ಲಾ ಅಂತ ಹಂಗಿಸಿದ ಮಾತು ಫ್ರೇಜಿಯರ್ ಮನಸ್ಸಿನಲ್ಲಿ ವರ್ಷಗಟ್ಟಲೆ ಉಳಿಯಿತು. ನಮ್ಮದು ಸಣ್ಣ ಜಿಲ್ಲೆ. ಇವತ್ತು ಮೈಕಿನಲ್ಲಿ ಬೈದವನ ಪಕ್ಕದಲ್ಲೇ ಮುಂದಿನ ತಿಂಗಳು ಮದುವೆ ಊಟಕ್ಕೆ ಕೂರಬೇಕಾಗುತ್ತದೆ.

ಇನ್ನು ಮಂಟಪದ ಒಳಗೆ. ರಿಂಗನ್ನು ಮದುವೆ ವೇದಿಕೆಯ ಮೇಲೆ ಕಟ್ಟಬೇಡಿ, ನಾವು ಕಟ್ಟಿ ಕೆಟ್ಟೆವು. ಮೂರು ಕಡೆ ಗೋಡೆ, ಒಂದೇ ಕಡೆ ಜನ. ಹಾಲ್ ನಡುವೆ ಕಟ್ಟಿ, ನಾಲ್ಕೂ ಕಡೆ ಕುರ್ಚಿ ಹಾಕಿ. ಟ್ಯೂಬ್‌ಲೈಟ್ ಎಲ್ಲ ಆರಿಸಿ, ರಿಂಗ್ ಮೇಲೆ ಮಾತ್ರ ಬೆಳಕು ಬಿಡಿ. ಮಡಿಕೇರಿ ದಸರೆಯಲ್ಲಿ ದಶಮಂಟಪ (ಹತ್ತು ದೇವಸ್ಥಾನಗಳ ದೀಪಾಲಂಕಾರದ ಮಂಟಪಗಳ ಮೆರವಣಿಗೆ) ನೋಡಲು ಚಳಿಯಲ್ಲಿ ಬೆಳಗಿನ ಜಾವದವರೆಗೆ ನಿಲ್ಲುವ ಜನ ನಾವು, ಕತ್ತಲಿನಲ್ಲಿ ಬೆಳಕು ಬಿದ್ದ ಕಡೆ ಕಣ್ಣು ತಾನಾಗಿ ಹೋಗುತ್ತದೆ. ಬಾಕ್ಸರ್ ನಡೆದು ಬರುವಾಗ ಸಿನಿಮಾ ಹಾಡಿನ ಬದಲು ವಾಲಗ ಊದಿಸಿದೆವು. ಹಾಲ್ ಎದ್ದು ನಿಂತಿತು, ಇಬ್ಬರು ಅಜ್ಜಂದಿರು ಕುಣಿದೂಬಿಟ್ಟರು. ಆದರೆ ಅದು ಒಂದೂವರೆ ನಿಮಿಷಕ್ಕೆ ಮುಗಿಯಲಿ. ಮೈ ಬಿಸಿ ಮಾಡಿಕೊಂಡು ಬಂದವನು ಕಾದು ಕಾದು ತಣ್ಣಗಾಗಬಾರದು.

ಮೈಕ್ ಹಿಡಿಯುವವನಿಗೂ ಒಂದು ಮಾತು. ನಾನು ಮೊದಲ ಸಲ ಹಾಕಿಗೆ ಹೇಳುವ ಹಾಗೆ ಕಾಮೆಂಟರಿ ಹೇಳಿದೆ: 'ಎಡಗೈ, ಎಡಗೈ, ಬಲಗೈ ಬಂತೂ!' ಎರಡನೇ ರೌಂಡ್ ಮುಗಿದ ಮೇಲೆ ನೀಲಿ ಮೂಲೆಯ ಕೋಚ್ ಹಗ್ಗದ ಹತ್ತಿರ ಬಂದು, 'ಅಣ್ಣಾ, ನಾನು ಹೇಳೋದು ನನ್ನ ಹುಡುಗನಿಗೆ ಕೇಳಿಸ್ತಾ ಇಲ್ಲ, ಸ್ವಲ್ಪ ಸುಮ್ನಿರಿ' ಅಂದ. ಆಗ ನಾಚಿಕೆಯಾಯಿತು. ಈಗ ಮೊದಲಿಗೆ ಹೆಸರು, ಊರು, ತೂಕ, ಗೆದ್ದದ್ದು ಸೋತದ್ದು ಹೇಳುತ್ತೇನೆ. ಗಂಟೆ ಬಾರಿಸಿದ ಮೇಲೆ ಬಾಯಿ ಮುಚ್ಚುತ್ತೇನೆ. ಗ್ಲೌಸು ಪಕ್ಕೆಗೆ ಬೀಳುವ ಸದ್ದು ಹಿಂದಿನ ಸಾಲಿಗೂ ಕೇಳಬೇಕು. ರೌಂಡ್ ಗೆದ್ದವನಿಗೆ 10, ಸೋತವನಿಗೆ ಸಾಮಾನ್ಯವಾಗಿ 9 ಅಂತ ಶುರುವಿನಲ್ಲೇ ಒಮ್ಮೆ ಹೇಳಿಬಿಡಿ. ಆಮೇಲೆ ಕುರ್ಚಿ ಕುರ್ಚಿಯಲ್ಲೂ ಒಬ್ಬ ಜಡ್ಜ್ ಕೂತಿರುತ್ತಾನೆ.

ಇಷ್ಟೆಲ್ಲ ಮಾಡಿದರೂ ಹೊಡೆದಾಡುವ ಜೋಡಿ ಸರಿಯಿಲ್ಲದಿದ್ದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಇಂಗ್ಲೆಂಡಿನ ಸಣ್ಣ ಹಾಲ್‌ಗಳಲ್ಲಿ ಬಾಕ್ಸರುಗಳೇ ತಮ್ಮ ಟಿಕೆಟ್ ಮಾರುವ ಪದ್ಧತಿ ಇದೆ. ಜಾಸ್ತಿ ಟಿಕೆಟ್ ಮಾರುವವನು ಗೆಲ್ಲುತ್ತಾ ಇರಬೇಕು, ಅದಕ್ಕೆ ಎದುರಾಳಿಯಾಗಿ ಸೋತು ಅಭ್ಯಾಸವಿರುವವನನ್ನು ಕರೆಸುವುದೂ ಉಂಟು. ಮೊದಲ ಸಲ ನಾವೂ ಅದನ್ನೇ ಮಾಡಿದೆವು, ಮುಚ್ಚಿಡುವುದೇನು. ಮುಂದಿನ ಸಾಲಿನಲ್ಲಿ ಸೇನೆಯಿಂದ ನಿವೃತ್ತರಾದ ಸುಬೇದಾರರೊಬ್ಬರು ಕೂತಿದ್ದರು. ರೆಜಿಮೆಂಟಿನಲ್ಲಿ ತಾವೇ ಗ್ಲೌಸು ಹಾಕಿದವರು. ಹೊರಗಿನಿಂದ ಬಂದ ಹುಡುಗ ಕೈ ಇಳಿಸಿಕೊಂಡೇ ನಿಂತಿದ್ದ. ಎರಡನೇ ರೌಂಡಿಗೆ ಅವರು ಎದ್ದರು. ನಾನು ಓಡಿಹೋಗಿ 'ಯಾಕೆ ಮಾವ?' ಅಂದೆ. 'ಹೊಡೆತ ತಿನ್ನೋದಕ್ಕೆ ಒಬ್ಬನನ್ನ ಕರೆಸಿದ್ದೀರಿ. ಅದನ್ನ ನಾನು ಯಾಕೆ ನೋಡಲಿ?' ಅಂದು ಟೋಪಿ ಹಾಕಿಕೊಂಡು ಹೋದರು. ಅವರ ಹಿಂದೆ ಒಂದು ಸಾಲೇ ಹೋಯಿತು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿಗೆ ಬಾಕ್ಸರ್ ಸಿ.ಸಿ. ಮಾಚಯ್ಯ ಅವರನ್ನು ಕಳಿಸಿದ ನಾಡು ಇದು. ಇಲ್ಲಿ ಮಂಕುಬೂದಿ ನಡೆಯುವುದಿಲ್ಲ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2024ರ ನವೆಂಬರಿನಲ್ಲಿ 58 ವರ್ಷದ ಮೈಕ್ ಟೈಸನ್, ಯೂಟ್ಯೂಬ್‌ನಿಂದ ಬಾಕ್ಸಿಂಗಿಗೆ ಬಂದ 27ರ ಜೇಕ್ ಪಾಲ್ ಅವರ ಪಂದ್ಯವನ್ನು ನೆಟ್‌ಫ್ಲಿಕ್ಸ್ ತೋರಿಸಿತು. ನಮ್ಮ ತೋಟದ ಕೆಲಸಗಾರರ ಲೈನ್ ಮನೆಯ ಹುಡುಗರೂ ನೋಡಿದರು, ಆಕಳಿಸಿದರು. ಆದರೆ ಅದೇ ರಾತ್ರಿ ಅದಕ್ಕೂ ಮುಂಚೆ ಮಹಿಳಾ ಬಾಕ್ಸರುಗಳಾದ ಕೇಟಿ ಟೇಲರ್, ಅಮಾಂಡಾ ಸೆರಾನೊ ಹತ್ತು ರೌಂಡ್ ಬಿಡದೆ ಹೊಡೆದಾಡಿದ್ದರು. ಹೆಸರು ನೋಡಿ ಬಂದವರ ಕಣ್ಣಿಗೆ ಇಂಥ ಪಂದ್ಯ ಬೀಳುವ ಹಾಗೆ ಇಡಬೇಕು. ನಮ್ಮ ಎರಡನೇ ಸಲ ಮೂರನೇ ಪಂದ್ಯ ಹುಡುಗಿಯರದ್ದು, ಎರಡೆರಡು ನಿಮಿಷದ ರೌಂಡು. ವಾರವಿಡೀ ಸಂತೆಯಲ್ಲಿ ಅದರದ್ದೇ ಮಾತು.

ಸಮಯದ ಲೆಕ್ಕ: ಮೂರು ನಿಮಿಷದ ನಾಲ್ಕು ರೌಂಡ್, ನಡುವೆ ಒಂದೊಂದು ನಿಮಿಷ ಬಿಡುವು, ಒಟ್ಟು 15 ನಿಮಿಷ. ಬರುವುದು, ಹೆಸರು ಕೂಗುವುದು, ತೀರ್ಪು ಸೇರಿ 25. ಆರು ಪಂದ್ಯಕ್ಕೆ ಎರಡೂವರೆ ಗಂಟೆ, ಸಾಕು. ಕೊನೆಯ ಬಸ್ಸಿನ ಹೊತ್ತು ಕೇಳಿಕೊಂಡು ಹಿಂದಕ್ಕೆ ಲೆಕ್ಕ ಹಾಕಿ. ಡಾಕ್ಟರ್, ಆಂಬುಲೆನ್ಸ್ ಬಾಗಿಲಲ್ಲೇ ಇರಲಿ, ಇದರಲ್ಲಿ ಚೌಕಾಸಿ ಬೇಡ. ತಿಂಗಳು ಮಾರ್ಚ್ ಒಳ್ಳೆಯದು: ಕಾಫಿ ಕೊಯ್ಲು ಮುಗಿದು ಕೈಯಲ್ಲಿ ಕಾಸಿರುತ್ತದೆ. ಜೂನ್ ಅಂತೂ ಬೇಡವೇ ಬೇಡ, ಶೀಟಿನ ಮೇಲೆ ಮಳೆ ಬಿದ್ದರೆ ಗಂಟೆಯ ಸದ್ದೇ ಕೇಳುವುದಿಲ್ಲ.

ಮತ್ತೆ ಆ ಕುರ್ಚಿ ಹುಡುಗರು. ಅವರಿಗೆ ಊಟ, ದುಡ್ಡು ಎರಡನ್ನೂ ಮೊದಲೇ ಕೊಟ್ಟುಬಿಡಿ. ರಿಂಗಿನ ಲೈಟ್ ಆರುವವರೆಗೆ ಒಂದು ಕುರ್ಚಿಯನ್ನೂ ಮುಟ್ಟಬಾರದು ಅಂತ ಹೇಳಿಡಿ.