ಬಲೂನಿನಲ್ಲಿ ಬಿದ್ರಿ ಸುರಾಹಿ ಕಟ್ಟೋದು ಹೇಗೆ?

ನಾಯಿ, ಕತ್ತಿ, ಹೂವು. ಉದ್ದ ಬಲೂನು ತಿರುಚಲು ಕೂತವರು ಈ ಮೂರನ್ನು ಒಂದೇ ಮಧ್ಯಾಹ್ನ ಕಲಿತುಬಿಡುತ್ತಾರೆ. ಹೆಚ್ಚಿನವರು ಅಲ್ಲೇ ನಿಲ್ಲುತ್ತಾರೆ. ಶಾಲೆಯ ಗ್ಯಾದರಿಂಗ್‌ಗೋ, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದ ನಾಟಕಕ್ಕೋ ದೊಡ್ಡ ವಸ್ತು ಬೇಕೆಂದರೆ ಥರ್ಮೋಕೋಲ್ ಹುಡುಕಿಕೊಂಡು ಹೋಗುತ್ತಾರೆ. ಅದನ್ನೂ ಬಲೂನಿನಲ್ಲೇ ಕಟ್ಟಬಹುದು. ಬೀದರ್ ಸೀಮೆಯಲ್ಲಿ ದರ್ಬಾರಿನ ದೃಶ್ಯಕ್ಕೆ ಬಿದ್ರಿ ಸುರಾಹಿಗಿಂತ ಒಪ್ಪುವ ವಸ್ತು ಇನ್ಯಾವುದಿದೆ? ಸುರಾಹಿ ಎಂದರೆ ನೀಳ ಕತ್ತಿನ ಹೂಜಿ, ಬಿದ್ರಿ ಎಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬೀದರ್‌ನ ಕುಸುರಿ ಕೆಲಸ. ಕಪ್ಪು ಮೈ, ಬೆಳ್ಳಿ ಹೂವು. ಎರಡೇ ಬಣ್ಣದಲ್ಲಿ ಕೆಲಸ ಮುಗಿಯುತ್ತದೆ.

ಬೇಕಾಗುವ ಸಾಮಾನು ಇಷ್ಟು. ಕಪ್ಪು 260 ಬಲೂನು ಒಂಬತ್ತು, ಮೇಲೆ ನಾಲ್ಕೈದು ಜಾಸ್ತಿ ಇರಲಿ. 260 ಎಂದರೆ ಪೂರ್ತಿ ಊದಿದಾಗ ಎರಡು ಇಂಚು ದಪ್ಪ, ಅರವತ್ತು ಇಂಚು ಉದ್ದ. ಹೂವಿಗೆ ಬೆಳ್ಳಿ ಬಣ್ಣದ 160 ಆರು. ಇವು ಒಂದೇ ಇಂಚು ದಪ್ಪ. 11 ಇಂಚಿನ ಕಪ್ಪು ದುಂಡು ಬಲೂನು ಒಂದು. ಕೈಪಂಪು, ಕತ್ತರಿ, ಒಂದೂವರೆ, ಎರಡು, ಐದು ಮತ್ತು ಎಂಟು ಇಂಚಿಗೆ ಗುರುತು ಹಾಕಿದ ರಟ್ಟಿನ ಪಟ್ಟಿ. ಬಾಯಿಂದ ಊದುವ ಶೋಕಿ ಬೇಡ. ಸಣ್ಣ ಬಲೂನು ಊದಲು ಬಹಳ ಗಟ್ಟಿ, ಕೆನ್ನೆ ನೋವು ತಪ್ಪದು.

ಇನ್ನು ಮುಖ್ಯ ವಿಷಯ, ಗಾಳಿ. ಹೊಸಬರ ಬಲೂನು ಒಡೆಯೋದು ತಿರುಚಿದ್ದಕ್ಕಲ್ಲ, ಜಾಸ್ತಿ ಊದಿದ್ದಕ್ಕೆ. ಒಂದು ಕಡೆ ಹಿಸುಕಿ ತಿರುಚಿದಾಗ ಅಲ್ಲಿನ ಗಾಳಿ ಮುಂದಕ್ಕೆ ಸರಿಯಬೇಕು. ಸರಿಯಲು ಜಾಗ ಬೇಕು. ಅದಕ್ಕೇ ತುದಿಯಲ್ಲಿ ಊದದ ಬಾಲ ಬಿಡೋದು. ಎರಡು ತಿರುವಿನ ನಡುವೆ ಉಬ್ಬಿ ನಿಲ್ಲುವ ಭಾಗವೇ ಗುಳ್ಳೆ. ಗುಳ್ಳೆ ಹೆಚ್ಚಾದಷ್ಟೂ ಬಾಲ ಉದ್ದ ಇರಬೇಕು. ಊದಿದ ಮೇಲೆ, ಗಂಟು ಹಾಕುವ ಮುಂಚೆ, ಬಾಯಿಯ ಹತ್ತಿರ ಹಿಸುಕಿ ಒಂಚೂರು ಗಾಳಿ ಬಿಟ್ಟುಬಿಡಿ. ಬೆರಳಿಟ್ಟು ಒತ್ತಿದರೆ ಬಲೂನು ಮೆತ್ತಗೆ ತಗ್ಗಬೇಕು, ಬಿಗಿಯಾಗಿ ತಿರುಗಿ ತಳ್ಳಬಾರದು. ಈ ಮೆತ್ತನೆ ಕೈಗೆ ಸಿಕ್ಕರೆ ಅರ್ಧ ವಿದ್ಯೆ ಬಂದಂತೆ. ಎಲ್ಲ ಬಲೂನೂ ಒಂದೇ ದಪ್ಪ ಬರಬೇಕಾದರೆ ಪಂಪಿನ ಹೊಡೆತ ಎಣಿಸಿ. ಕಣ್ಣಳತೆ ನಂಬಬೇಡಿ.

ಈಗ ಬುಡದ ಬಳೆ. ಒಂದು ಕಪ್ಪು ಬಲೂನನ್ನು ಅರ್ಧಕ್ಕಿಂತ ಕಡಿಮೆ ಊದಿ, ಎರಡು ಇಂಚಿನ ಆರು ಗುಳ್ಳೆ ಸಾಲಾಗಿ ತಿರುಚಿ. ತಿರುವೆಲ್ಲ ಒಂದೇ ದಿಕ್ಕಿಗೆ ಇರಲಿ. ಒಂದು ಬಲಕ್ಕೆ, ಒಂದು ಎಡಕ್ಕೆ ಆದರೆ ಹಿಂದಿನದು ಬಿಚ್ಚಿಕೊಳ್ಳುತ್ತದೆ. ಬಳೆ ಮುಚ್ಚುವವರೆಗೆ ಮೊದಲ ಗುಳ್ಳೆ ಮತ್ತು ಕೊನೆಯ ಗುಳ್ಳೆ ಕೈ ಬಿಡಬಾರದು. ನಡುವಿನವು ತಾವಾಗಿ ನಿಲ್ಲುತ್ತವೆ. ಆರನೆಯದು ಮುಗಿದ ಮೇಲೆ ಅದರ ತಿರುವನ್ನು ಬಾಯಿಯ ಗಂಟಿಗೆ ಸುತ್ತಿ ಬಿಗಿಯಿರಿ. ಉಳಿದ ಭಾಗ ಕತ್ತರಿಸಿ, ಗಾಳಿ ಬಿಟ್ಟು, ತುಂಡನ್ನು ಅಲ್ಲೇ ಗಂಟು ಹಾಕಿ.

ಗುಳ್ಳೆಗೆ ಗುಳ್ಳೆ ಸೇರುವ ತಿರುವೇ ಸಂದಿ. ಬಳೆಯ ಆರು ಸಂದಿಗೆ ಆರು ಕಂಬ, ಕಂಬಕ್ಕೊಂದು ಕಪ್ಪು ಬಲೂನು. ಮೂರು ಕಂಬಕ್ಕೆ ಮೂವತ್ತು ಇಂಚು ಊದಿ, ಇನ್ನು ಮೂರಕ್ಕೆ ಹದಿನೆಂಟು ಸಾಕು. ಒಂದು ಉದ್ದ, ಒಂದು ಗಿಡ್ಡ ಎಂದು ಬಿಟ್ಟು ಬಿಟ್ಟು ಜೋಡಿಸಿ. ಪ್ರತಿಯೊಂದರ ಬಾಯಿಯ ಗಂಟನ್ನು ಸಂದಿಗೆ ಎರಡು ಸುತ್ತು ಸುತ್ತಿದರೆ ಕೂರುತ್ತದೆ.

ಹೊಟ್ಟೆಯ ಬಳೆ ಕಟ್ಟುವಾಗಲೇ ನಿಜವಾದ ಹೆಣಿಗೆ ಶುರು. ಹೊಸ ಬಲೂನು ತಗೊಂಡು ಮೂವತ್ತಾರು ಇಂಚು ಊದಿ. ಮೊದಲ ಕಂಬದಲ್ಲಿ ಬುಡದಿಂದ ಐದು ಇಂಚು ಮೇಲೆ ತಿರುಚಿ, ಆ ತಿರುವಿಗೆ ಹೊಸ ಬಲೂನಿನ ಗಂಟು ಕಟ್ಟಿ. ಹೊಸದರಲ್ಲಿ ಐದು ಇಂಚಿನ ಗುಳ್ಳೆ ಮಾಡಿ. ಪಕ್ಕದ ಕಂಬದಲ್ಲೂ ಐದು ಇಂಚಿಗೆ ತಿರುಚಿ. ಎರಡು ತಿರುವನ್ನೂ ಒಂದಕ್ಕೊಂದು ತಾಗಿಸಿ, ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು, ಮೂರು ಸುತ್ತು ಒಟ್ಟಿಗೆ ತಿರುಗಿಸಿ. ಕಿರ್ ಎನ್ನುವ ಸದ್ದು ಬರುತ್ತದೆ, ಹೆದರಬೇಡಿ. ಮೂರನೇ ಸುತ್ತಿಗೆ ಕೈ ಬಿಟ್ಟರೂ ಸಂದಿ ಬಿಚ್ಚೋದಿಲ್ಲ. ಆರೂ ಕಂಬ ಸುತ್ತಿ ಬಂದು ಬಳೆ ಮುಚ್ಚಿದರೆ ಬುಟ್ಟಿಯಂಥ ಪಂಜರ ಸಿಗುತ್ತದೆ.

ಪಂಜರದ ಕಂಬಗಳ ನಡುವೆ ಆ ಕಡೆಯ ಬೆಳಕು ಕಾಣುತ್ತದಲ್ವಾ? ದುಂಡು ಬಲೂನು ಅದಕ್ಕೇ. ಊದದೆ ಒಳಗೆ ಬಿಟ್ಟು, ಬಾಯಿ ಮೇಲೆ ಹಿಡಿದು, ಅಲ್ಲೇ ಪಂಪಿನಿಂದ ಊದಿ. ಕಂಬಗಳಿಗೆ ತಾಗಿ, ಅವುಗಳ ನಡುವಿನಿಂದ ಚೂರು ಉಬ್ಬಿದರೆ ನಿಲ್ಲಿಸಿ. ಇದನ್ನು ಕೊರಳು ಕಟ್ಟುವ ಮುಂಚೆಯೇ ಮಾಡಬೇಕು, ಆಮೇಲೆ ಪಂಪು ಒಳಗೆ ಹೋಗುವುದಿಲ್ಲ.

ಇನ್ನೊಂದು ಐದು ಇಂಚು ಮೇಲೆ ಕೊರಳಿನ ಬಳೆ. ಗುಳ್ಳೆ ಒಂದೂವರೆ ಇಂಚಿನವು, ವಿಧಾನ ಅದೇ. ಬಳೆ ಚಿಕ್ಕದಾದ್ದರಿಂದ ಕಂಬಗಳು ತಾವಾಗಿ ಒಳಕ್ಕೆ ಬಾಗುತ್ತವೆ, ಹೊಟ್ಟೆಗೆ ದುಂಡು ಆಕಾರ ಬರುತ್ತದೆ. ಇಲ್ಲಿ ಆರು ಕಂಬಕ್ಕೆ ಜಾಗವಿಲ್ಲ. ಗಿಡ್ಡ ಮೂರನ್ನೂ ಇಲ್ಲೇ ಗಂಟು ಹಾಕಿ ಕತ್ತರಿಸಿ. ಉದ್ದ ಮೂರೂ ಮೇಲಕ್ಕೆ ಹೋಗಲಿ. ಎಂಟು ಇಂಚಿಗೆ ಮೂರನ್ನೂ ಸೇರಿಸಿ ತಿರುಚಿದರೆ ಸುರಾಹಿಯ ನೀಳ ಕತ್ತು ಸಿದ್ಧ.

ಸುರಾಹಿಯ ಬಾಯಿ ಅರಳಿಸಲು ಕಿವಿ ತಿರುವು ಬೇಕು. ಕಸಬಿನವರು ಪಿಂಚ್ ಟ್ವಿಸ್ಟ್ ಎನ್ನುತ್ತಾರೆ. ಎರಡು ಇಂಚಿನ ಗುಳ್ಳೆ ಮಾಡಿ, ಅದರ ಎರಡೂ ತುದಿಯ ತಿರುವನ್ನು ಒಂದೆಡೆ ತಂದು, ಗುಳ್ಳೆಯನ್ನೇ ಹಿಡಿದು ಹೊರಗೆಳೆಯುತ್ತ ಎರಡು ಮೂರು ಸುತ್ತು ತಿರುಗಿಸಿ. ಗುಳ್ಳೆ ಕಿವಿಯಂತೆ ಮಡಿಚಿ ನಿಲ್ಲುತ್ತದೆ. ಬಲೂನು ಕಸುಬಿನಲ್ಲಿ ಇದಕ್ಕಿಂತ ಉಪಯೋಗದ ತಿರುವು ನನ್ನ ಮಟ್ಟಿಗೆ ಇನ್ನೊಂದಿಲ್ಲ. ಮೂರು ಕಂಬದಲ್ಲೂ ಒಂದೊಂದು ಕಿವಿ ಮಾಡಿ ಹೊರಕ್ಕೆ ಬಾಗಿಸಿ. ಬಾಲ ಗಂಟು ಹಾಕಿ ಕತ್ತರಿಸಿ.

ಬೆಳ್ಳಿ ಹೂವಿಗೂ ಇದೇ ಕಿವಿ. 160 ಬಲೂನನ್ನು ಸ್ವಲ್ಪವೇ ಊದಿ, ಒಂದರ ಪಕ್ಕ ಒಂದರಂತೆ ಒಂದಿಂಚಿನ ನಾಲ್ಕು ಕಿವಿ ಮಾಡಿದರೆ ನಾಲ್ಕೆಸಳು. ಉಳಿದ ಗಾಳಿ ಬಿಟ್ಟು, ಬಾಲವನ್ನೇ ದಾರದಂತೆ ಹೊಟ್ಟೆಯ ಸಂದಿಗೆ ಸುತ್ತಿ. ಆರು ಸಂದಿಗೆ ಆರು ಹೂವು. ಕೊರಳಿಗೂ ಹಾಕುವ ಆಸೆಯಾಗುತ್ತದೆ, ಹಾಕಬೇಡಿ. ಬಿದ್ರಿಯ ಅಂದವೆಲ್ಲ ಕಪ್ಪು ಖಾಲಿ ಜಾಗದಲ್ಲಿದೆ.

ಒಂದು ಎಚ್ಚರಿಕೆ. ಬಿದ್ರಿ ಕೆಲಸಗಾರರು ಬೀದರ್ ಕೋಟೆಯ ಮಣ್ಣಿನಲ್ಲಿ ಕಪ್ಪಾಗಿಸಿದ ಪಾತ್ರೆಗೆ ಕೊನೆಗೆ ಎಣ್ಣೆ ಸವರಿ ಹೊಳಪು ತರುತ್ತಾರೆ. ಬಲೂನಿಗೆ ಮಾತ್ರ ಎಣ್ಣೆ ಮುಟ್ಟಿಸಬೇಡಿ. ರಬ್ಬರ್ ಮೆತ್ತಗಾಗಿ ಒಡೆಯುತ್ತದೆ. ಹೊಳಪು ಬೇಕಿದ್ದರೆ ಬಲೂನಿಗೆಂದೇ ಸಿಗುವ ಸ್ಪ್ರೇ ಇದೆ. ಅದಿಲ್ಲದಿದ್ದರೆ ಕೆಲವೇ ಗಂಟೆಯಲ್ಲಿ ಮೈ ಮಂಕಾಗುತ್ತದೆ. ಹಾಗಾಗಿ ಪರದೆ ಏಳುವ ಎರಡು ಮೂರು ಗಂಟೆ ಮುಂಚೆ ಕಟ್ಟಿದರೆ ಒಳ್ಳೆಯದು.

ಬಿಸಿಲಿನ ಮಾತು ಬೇರೆಯೇ. ಬೀದರ್‌ನಲ್ಲಿ ನಿಂತ ಸುರಾಹಿ ಕಲಬುರಗಿಯ ಏಪ್ರಿಲ್‌ನಲ್ಲಿ ನಿಲ್ಲುತ್ತದೆ ಎಂದುಕೊಳ್ಳಬೇಡಿ. ಕಪ್ಪು ಬಣ್ಣ ಬಿಸಿಲನ್ನು ಹೀರುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ. ಎ.ಸಿ. ಕೋಣೆಯಲ್ಲಿ ಬಿಗಿಯಾಗಿ ಊದಿ ಹೊರಗೆ ತಂದರಂತೂ ಪಟಪಟ ಒಡೆಯುತ್ತವೆ. ಬೇಸಿಗೆಯಲ್ಲಿ ಗಾಳಿ ಇನ್ನೂ ಕಡಿಮೆ ಇರಲಿ, ವಸ್ತು ನೆರಳಲ್ಲಿರಲಿ. ಬೇರೆ ಊರಿನಲ್ಲಿ ಕಾರ್ಯಕ್ರಮವಿದ್ದರೆ ಕಟ್ಟಿದ ಸುರಾಹಿಯನ್ನು ಬಸ್ಸಿನಲ್ಲಿ ಒಯ್ಯುವ ಸಾಹಸ ಬೇಡ. ಪಾಕೀಟು, ಪಂಪು ಒಯ್ಯಿರಿ, ಅಲ್ಲೇ ಕಟ್ಟಿ.

ವೇದಿಕೆ ಮೇಲೆ ಫ್ಯಾನ್ ಗಾಳಿಗೇ ಇದು ಉರುಳುತ್ತದೆ. ಅರ್ಧ ಕಿಲೋ ಜೋಳವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಬುಡದ ಬಳೆಯೊಳಗೆ ಕೂರಿಸಿ. ಒಂದು ಗುಳ್ಳೆ ಒಡೆದರೆ ಗಾಬರಿ ಬೇಡ. ಸಂದಿಗಳನ್ನು ಮೂರು ಸುತ್ತು ಬಿಗಿದಿದ್ದರೆ ಅಕ್ಕಪಕ್ಕದವು ಸ್ವಲ್ಪ ಹೊತ್ತು ತಡೆಯುತ್ತವೆ. ಹೊಸ ಬಲೂನಿನಲ್ಲಿ ಅದೇ ಅಳತೆಯ ಒಂದು ಗುಳ್ಳೆ ಊದಿ, ಎರಡೂ ತುದಿಯನ್ನು ಆ ಎರಡು ಸಂದಿಗೆ ಕಟ್ಟಿದರೆ ತೇಪೆ ಗೊತ್ತಾಗುವುದಿಲ್ಲ. ಒಡೆದ ಚೂರು, ಕತ್ತರಿಸಿದ ಬಾಲಗಳನ್ನು ಆಗಿಂದಾಗಲೇ ಹೆಕ್ಕಿ ಡಬ್ಬಿಗೆ ಹಾಕಿ. ಎಂಟು ವರ್ಷದೊಳಗಿನ ಮಕ್ಕಳು ಅದನ್ನು ಬಾಯಿಗಿಟ್ಟರೆ ಗಂಟಲಿಗೆ ಸಿಕ್ಕಿ ಉಸಿರು ಕಟ್ಟುತ್ತದೆ. ರಬ್ಬರ್ ಅಲರ್ಜಿ ಇರುವ ಮಕ್ಕಳಿದ್ದಾರಾ ಎಂದು ಶಿಕ್ಷಕರನ್ನು ಮೊದಲೇ ಕೇಳಿಕೊಳ್ಳಿ.